ಫಾಲ್ಗುಣ, ಮಾಘ, ಪುಷ್ಯ ಮತ್ತು ನಮ್ಮ ಕೋಚ್

ನಮ್ಮ ಕೋಚ್ ಅವರ ಬಲಗೈ ಕಿರುಬೆರಳು ಮಧ್ಯದ ಗೆಣ್ಣಿನಿಂದ ಆಚೆಗೆ ತಿರುಗಿಕೊಂಡಿತ್ತು. ಕೈ ಚಾಚಿ "ಎಡಕ್ಕೆ ಓಡು" ಎಂದರೆ ಉಳಿದ ಬೆರಳುಗಳೆಲ್ಲ ಎಡಕ್ಕೆ, ಅದೊಂದು ಬಲಕ್ಕೆ. ಮೊದಲ ವಾರ ನಾನು ಅದೊಂದನ್ನೇ ನಂಬಿ ಓಡಿದೆ. "ಮೈಸೂರು! ಬಹುಮತ ನೋಡಪ್ಪಾ!" ಎಂದು ಮೈದಾನದ ಆ ತುದಿಯಿಂದ ಕೂಗಿದರು. ನನ್ನ ಹೆಸರು ಅವರ ಬಾಯಲ್ಲಿ ಯಾವತ್ತೂ ಬರಲಿಲ್ಲ, ಕೊನೆಯವರೆಗೂ ನಾನು ಮೈಸೂರೇ.

ಕೊರೊನಾದ ಮೊದಲ ಬೇಸಿಗೆ. ಡಚ್ಚರ ಊರಾದ ವೆಲ್ಡ್‌ಹೋವನ್‌ನ ಬಾಡಿಗೆ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸು. ಸಂಜೆ ಐದಾದರೆ ಹೆಂಡತಿ "ರೀ, ಸ್ವಲ್ಪ ಹೊರಗೆ ಹೋಗಿ ಬನ್ನಿ, ನಿಮ್ಮ ಮುಖ ನೋಡಿ ನೋಡಿ ಸಾಕಾಗಿದೆ" ಎಂದು ಬಾಗಿಲು ತೆಗೆಯುತ್ತಿದ್ದಳು. ಹಾಗೆ ಹೊರಟವನು ಊರಂಚಿನ ಮೈದಾನದಲ್ಲಿ ಕಂಡದ್ದು ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಬ್ಬರ ಮೇಲೊಬ್ಬರು ಬಿದ್ದು ಕೆಡಹುವ ಆ ಆಟ. ಆದರೆ ಆಗ ಒಂದೂವರೆ ಮೀಟರ್ ನಿಯಮ. ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಮಡಿಯುಟ್ಟ ಅಜ್ಜಿಯರ ಹಾಗೆ ದೂರದೂರ ನಿಂತು ಚೆಂಡು ಎಸೆಯುತ್ತಿದ್ದರು. ಅಯ್ಯೋ, ಇಷ್ಟೇನಾ, ಇದಕ್ಕೆ ನಾನೂ ಸೈ ಅಂದುಕೊಂಡು ಸೇರಿಬಿಟ್ಟೆ.

ಸೇರುವುದು ಸುಲಭವಿರಲಿಲ್ಲ. ಏಟಾದರೆ ಕ್ಲಬ್ಬಿನ ಮೇಲೆ ಹೊಣೆ ಇಲ್ಲ ಎಂಬ ಮುಚ್ಚಳಿಕೆಗೆ ರುಜು ಹಾಕಬೇಕಿತ್ತು. ಪೆನ್ನು ತೆಗೆದೆ. ಕೋಚ್ ಪೆನ್ನನ್ನೇ ಕಿತ್ತುಕೊಂಡರು. "ಇವತ್ತು ಬೇಡ. ನಾಳೆ ನೀನು ಊಟ ಮಾಡಿದ್ದೀಯೋ ಇಲ್ಲವೋ ಮರೆತರೆ ನಿನ್ನನ್ನು ನೋಡಿಕೊಳ್ಳುವವರು ಯಾರು? ಅವರ ಹತ್ತಿರ ಓದಿಸಿಕೊಂಡು ಬಾ." ಹೊಸದಾಗಿ ಬಂದ ಎಲ್ಲರಿಗೂ ಇದೇ ಪದ್ಧತಿ. ಕ್ಲಬ್ಬಿನವರು ತಲೆ ಚಚ್ಚಿಕೊಳ್ಳುತ್ತಿದ್ದರು, ಯಾಕೆಂದರೆ ಮನೆಗೆ ಹೋದ ಮುಚ್ಚಳಿಕೆಗಳಲ್ಲಿ ಅರ್ಧ ವಾಪಸ್ಸೇ ಬರುತ್ತಿರಲಿಲ್ಲ.

ನನ್ನವಳು ಮುಚ್ಚಳಿಕೆ ಹಿಡಿದು ತಾನೇ ಮೈದಾನಕ್ಕೆ ಬಂದಳು. "ಅಮೆರಿಕದಲ್ಲಿ ಈ ಆಟ ಆಡಿದವರೇ ತಲೆ ಕೆಟ್ಟಿತು ಅಂತ ಕೇಸು ಹಾಕಿದ್ದಾರಂತಲ್ಲ, ನಿಜವಾ?" ಎಂದು ನೇರವಾಗಿ ಕೇಳಿದಳು.

"ನಿಜ. ಹಾಕಿದವರಲ್ಲಿ ನಾನೂ ಒಬ್ಬ" ಎಂದರು ಕೋಚ್.

ಅವರು ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಆಡಿ, ಡಚ್ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ಬಂದು, ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. "ಆಗ ತಲೆಗೆ ಪೆಟ್ಟು ಬಿದ್ದರೆ ಎಚ್ಚರವಾಗಲಿ ಅಂತ ಮೂಗಿಗೆ ಘಾಟಿನ ಔಷಧಿ ಹಿಡಿದು ಮತ್ತೆ ಒಳಗೆ ಅಟ್ಟುತ್ತಿದ್ದರು. ಅದು ಅಪಾಯ ಅಂತ ಯಾರೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ಒಬ್ಬ ಜಡ್ಜ್ ಬಾಯಲ್ಲಿ ಕೇಳಬೇಕು ನನಗೆ, ಅಷ್ಟೇ."

"ಹಾಗಾದರೆ ಈ ಆಟ ನಿಂತೇ ಹೋಗುತ್ತಾ?"

"ಕೋರ್ಟಿನಿಂದ ನಿಲ್ಲಲ್ಲ ತಾಯಿ, ಕೋರ್ಟು ನಿಯಮ ಬದಲಾಯಿಸುತ್ತೆ. ಆಟ ಇರಬೇಕೋ ಬೇಡವೋ ಅನ್ನೋದು ನಿಮ್ಮ ಅಡಿಗೆಮನೆಯಲ್ಲೇ ತೀರ್ಮಾನ ಆಗೋದು."

ಅಡಿಗೆಮನೆಯಲ್ಲಿ ಎರಡು ದಿನ ವಿಚಾರಣೆ ನಡೆದು ನನಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಕೋಚ್ ಅವರಿಗೆ ಹೆಲ್ಮೆಟ್ ಮೇಲೆ ನಂಬಿಕೆ ಇರಲಿಲ್ಲ. "ಇದು ಬುರುಡೆ ಕಾಯುತ್ತೆ, ಒಳಗಿರೋದನ್ನಲ್ಲ" ಎನ್ನುತ್ತಿದ್ದರು. ಅವರ ನಂಬಿಕೆಯೆಲ್ಲ ಒಂದು ನೋಟ್‌ಬುಕ್ಕಿನ ಮೇಲೆ. ಪ್ರತಿ ಆಟಗಾರನೂ ತನ್ನ ತಾಯಿ ಬೈದ ಭಾಷೆಯಲ್ಲೇ ಹನ್ನೆರಡು ತಿಂಗಳನ್ನು ತಿರುಗಾಮುರುಗಾ, ಕೊನೆಯಿಂದ ಮೊದಲಿಗೆ, ಹೇಳಬೇಕು. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುವರು. ಪೆಟ್ಟು ಬಿದ್ದ ದಿನ ಅದನ್ನೇ ಮತ್ತೆ ಕೇಳುವುದು, ತಪ್ಪಿದರೆ ಆಟದಿಂದ ಹೊರಗೆ. ನಾನು ಫಾಲ್ಗುಣ, ಮಾಘ, ಪುಷ್ಯ ಎಂದು ಜೋರಾಗಿ ಶುರು ಮಾಡಿ, ಮಧ್ಯೆ ತಡವರಿಸಿ, ಇವರಿಗೇನು ಗೊತ್ತಾಗುತ್ತೆ ಅಂತ ಎರಡು ಮಾಸ ಹಾರಿಸಿ ಚೈತ್ರಕ್ಕೆ ಬಂದು ನಿಂತೆ. ಕೋಚ್ ಒಂದೊಂದು ಹೆಸರನ್ನೂ ಕೇಳಿದಂತೆಯೇ ಗಂಭೀರವಾಗಿ ಬರೆದುಕೊಂಡರು. ಮುಂದಿನ ವಾರ ನೋಟ್‌ಬುಕ್ ನನ್ನ ಮುಖಕ್ಕೆ ಹಿಡಿದು, "ಮೈಸೂರು, ಭಾದ್ರಪದ ಎಲ್ಲಿ? ಆಶ್ವಯುಜ ಯಾರು ತಿಂದರು?" ಎಂದರು. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕ ನನ್ನ ಹೆಂಡತಿಯಿಂದ ಪೂರ್ತಿ ಪಟ್ಟಿ ಬರೆಸಿಕೊಂಡಿದ್ದರು! ಅವತ್ತಿನಿಂದ ಅವರ ಎದುರು ಸುಳ್ಳು ಹೇಳುವ ಧೈರ್ಯ ಮಾಡಲಿಲ್ಲ.

ಎರಡನೇ ವರ್ಷ ನಿಯಮ ಸಡಿಲವಾಗಿ, ಮುಟ್ಟುವ ಆಟ ಮತ್ತೆ ಶುರುವಾಯಿತು. ನಮ್ಮ ಮೈದಾನದಲ್ಲಿ ಒಂದೇ ಪಂದ್ಯ. ಆಫೀಸಿನ ಕನ್ನಡದವರನ್ನೆಲ್ಲ ಕರೆದಿದ್ದೆ. ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ನಮ್ಮ ಕಡೆ ಸರಿಯಾಗಿ ಹನ್ನೊಂದೇ ಜನ, ಬದಲಿಗೆ ಇಳಿಸಲು ಯಾರೂ ಇಲ್ಲ. ಚೆಂಡು ಹಿಡಿದು ತಿರುಗಿದ್ದು ನನಗೆ ಗೊತ್ತು. ಮುಂದಿನದೆಲ್ಲ ಹೆಂಡತಿ ಹೇಳಿದ್ದು.

ಎದುರಾಳಿಯೊಬ್ಬ ಗುದ್ದಿದ ಹೊಡೆತಕ್ಕೆ ಬಿದ್ದವನು ತಕ್ಷಣ ಎದ್ದು ನಕ್ಕೆನಂತೆ. ಕೋಚ್ ಹೊರಗೆ ಕರೆದು ಮಾಸ ಕೇಳಿದರಂತೆ. ಫಾಲ್ಗುಣ, ಮಾಘ ಎಂದವನು ಶ್ರಾವಣಕ್ಕೆ ಹಾರಿ, ಮತ್ತೆ ಮಾಘಕ್ಕೆ ಬಂದು, "ಮುಗೀತು" ಎಂದೆನಂತೆ. ಕೋಚ್ ನನ್ನ ಹೆಲ್ಮೆಟ್ ಬಿಚ್ಚಿ ಹೆಂಡತಿಯ ಕೈಗಿಟ್ಟು, "ಏನು ಮಾಡಿದರೂ ಇದನ್ನು ಇವನಿಗೆ ಕೊಡಬೇಡಿ" ಎಂದರಂತೆ. ಹತ್ತೇ ಜನ ಆಡಿ ನಮ್ಮವರು ಹೀನಾಯವಾಗಿ ಸೋತರು. ಅಷ್ಟು ಹೊತ್ತೂ ನಾನು ಕೋಚ್ ಎದುರು ನಿಂತು ಕನ್ನಡದಲ್ಲಿ ವಾಚಾಮಗೋಚರ ಬೈಯುತ್ತಿದ್ದೆನಂತೆ. "ಏನಂತೆ ಇವನದು?" ಎಂದು ಅವರು ಕೇಳಿದಾಗ ನನ್ನವಳು, "ಥ್ಯಾಂಕ್ಸ್ ಹೇಳ್ತಿದ್ದಾರೆ" ಎಂದಳಂತೆ.

ಯಾವ ಕಾಯಿಲೆಗೂ ಪ್ಯಾರಾಸಿಟಮಾಲ್ ಸಾಕು ಎನ್ನುವ ನಮ್ಮ ಡಚ್ ಡಾಕ್ಟರಮ್ಮ ಕೂಡ ಆ ಸಲ ನಗಲಿಲ್ಲ. ಅದೇ ದಿನ ಇನ್ನೊಂದು ಪೆಟ್ಟು ಬಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು. ಮೂರು ವಾರ ಪರದೆ ಎಳೆದು ಮಲಗಿದ್ದೆ. ಒಂದೇ ಪ್ರಶ್ನೆಯನ್ನು ಮೂರು ಮೂರು ಸಲ ಕೇಳುತ್ತಿದ್ದೆನಂತೆ. ನಿಜವಾಗಿ ಹೆದರಿದ್ದೆ. ಕೆಲಸ ಮಾಡುವ ತಲೆ ಇದೊಂದೇ, ಬೇರೆ ಆಸ್ತಿ ನನಗಿಲ್ಲ.

ಸರಿಹೋದ ಮೇಲೆ ಹೋಗಿ ಕೈಮುಗಿದೆ. "ಥ್ಯಾಂಕ್ಸ್ ಅವತ್ತೇ ಹೇಳಿದ್ದೀಯಲ್ಲ" ಎಂದು ಹೊಟ್ಟೆ ಹಿಡಿದು ನಕ್ಕರು. "ನಲವತ್ತು ವರ್ಷ ಬೈಸಿಕೊಂಡ ಕೋಚ್ ನಾನು, ಬೈಗುಳ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತೆ. ನಿನ್ನ ಹೆಂಡತಿ ಮಾತ್ರ ಒಳ್ಳೆ ಲಾಯರು."

ಮುಂದಿನ ಚಳಿಗಾಲದಲ್ಲಿ ಕೋಚ್ ನಿದ್ದೆಯಲ್ಲೇ ತೀರಿಕೊಂಡರು. ಕೇಸು ಇನ್ನೂ ನಡೆಯುತ್ತಲೇ ಇತ್ತು. ಅವರು ಕಾದ ಮಾತು ಅವರ ಕಿವಿಗೆ ಬೀಳಲಿಲ್ಲ. ಅವರಾಸೆಯಂತೆ ಮೆದುಳನ್ನು ಸಂಶೋಧನೆಗೆ ಕೊಟ್ಟೆವು ಎಂದು ಅವರ ಮಗಳು ಬರೆದಿದ್ದರು. ಆ ಪತ್ರ ಓದಿ ನಾನು ಅತ್ತೆ.

ತನ್ನ ತಲೆಯನ್ನು ಯಾರೂ ಕಾಯದಿದ್ದರೂ ನನ್ನದನ್ನು ಕಾಯ್ದ ಆ ಮನುಷ್ಯನಿಗೆ ಅವತ್ತು ಏನೇನು ಅಂದೆ ಎನ್ನುವುದು ನನಗೆ ಇವತ್ತಿಗೂ ನೆನಪಿಲ್ಲ. ಹೆಂಡತಿಗೆ ಒಂದೊಂದು ಮಾತೂ ನೆನಪಿದೆ. ಕೇಳಿದರೆ, "ಥ್ಯಾಂಕ್ಸ್ ಅಂದ್ರಿ ಕಣ್ರೀ" ಎನ್ನುತ್ತಾಳೆ.