ಕೌದಿಯ ಹಿಂಬದಿ

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಹಾಸಿಗೆಯನ್ನು, ಮನೆಯವರ ಮುಖ ಆಮೇಲೆ. ಹೊದಿಕೆಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, ಏನೂ ಅನ್ನದೆ ಬಿಟ್ಟುಬಿಡುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದರಿಂದ ನನಗೆ ಭಾರಿ ಮುಜುಗರವಾಗುತ್ತಿತ್ತು. ಬರಬರುತ್ತಾ ಅದು ಅವರ ಕೈಗೆ ಅಂಟಿಕೊಂಡ ಚಟ ಎಂದು ಗೊತ್ತಾಯಿತು. ಜೀವಮಾನವೆಲ್ಲ ಊರಿನವರ ಕೌದಿ ಒಗೆದ ಕೈ ಅದು.

ಬಟ್ಟೆ ಒಗೆಯುವವರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಕೌದಿ ಎಂದರೆ ಎಲ್ಲರೂ ನಮ್ಮ ಮನೆಯ ಕಡೆ ಬೆರಳು ತೋರಿಸುತ್ತಿದ್ದರು. ಹಳೆಯ ಅಂಗಿ, ಲಂಗ, ಪರದೆಗಳ ತುಂಡುಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿದ ಆ ಹೊದಿಕೆ ಒಣಗಿದ್ದಾಗ ಕಂಕುಳಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರ. ನೀರು ಕುಡಿದ ಮೇಲೆ ಮಾತ್ರ ಎಮ್ಮೆ ಮಲಗಿದ ಹಾಗೆ, ಎಬ್ಬಿಸಿದರೆ ಏಳುವುದಿಲ್ಲ. ಉಳಿದವರು ಅದರ ತಂಟೆಗೇ ಹೋಗುತ್ತಿರಲಿಲ್ಲ. ಅತ್ತೆ ಮಾವ ಇಬ್ಬರೂ ಹಿತ್ತಲಲ್ಲಿ ಎರಡು ಕಲ್ಲಿನ ತೊಟ್ಟಿ ಕಟ್ಟಿಸಿಕೊಂಡು ಅದನ್ನೇ ಕಸುಬು ಮಾಡಿಕೊಂಡರು.

ಬಿಸಿನೀರಿನಲ್ಲಿ ಸೋಡಾ ಕದಡಿ ಕೌದಿಯನ್ನು ನೆನೆಹಾಕುವುದು, ಆಮೇಲೆ ತೊಟ್ಟಿಗಿಳಿದು ಕಾಲಲ್ಲಿ ತುಳಿಯುವುದು ಅತ್ತೆಯ ಪಾಲು. ಬಡಿಯುವ ಹಾಗಿಲ್ಲ, ಹಳೆಯ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಮೊದಲ ನೀರು ಕಪ್ಪಗೆ ಬರುತ್ತಿತ್ತು, ಎರಡನೆಯದು ಚಹಾದ ಬಣ್ಣಕ್ಕೆ. ಕಾಲಿನ ಬೆರಳು ಕಾಣುವಷ್ಟು ನೀರು ತಿಳಿಯಾದ ಮೇಲೆ ಅತ್ತೆ ಮಾವನನ್ನು ಕರೆಯುತ್ತಿದ್ದರು. ಹೆಸರು ಹಿಡಿದಲ್ಲ, ತೊಟ್ಟಿಯ ಅಂಚಿಗೆ ಅಂಗೈಯಿಂದ ಎರಡು ಸಲ ಹೊಡೆದರೆ ಅವರು ಬರುತ್ತಿದ್ದರು.

ಹಿಂಡುವುದಕ್ಕೆ ಇಬ್ಬರು ಬೇಕೇ ಬೇಕು. ಆ ತುದಿ ಅವರು, ಈ ತುದಿ ಇವರು. ಒಬ್ಬರು ಬಲಕ್ಕೆ ತಿರುವಿದರೆ ಇನ್ನೊಬ್ಬರು ಎಡಕ್ಕೆ. ತಿರುವಿದಷ್ಟೂ ಕೌದಿ ಹಗ್ಗದಂತೆ ಹುರಿಗೊಂಡು ಗಿಡ್ಡವಾಗುತ್ತಾ ಹೋಗುತ್ತದೆ. ಹಿಡಿದವರು ಒಂದೊಂದೇ ಹೆಜ್ಜೆ ಹತ್ತಿರ ಬರಲೇಬೇಕು. ಕೊನೆಯ ಹನಿ ಬೀಳುವ ಹೊತ್ತಿಗೆ ಇಬ್ಬರ ಮೂಗಿಗೆ ಮೂಗು ತಾಗುವಷ್ಟು ಸಮೀಪ.

"ಜಗಳ ಆಡಿ ಮಾತು ಬಿಟ್ಟ ದಿನ ಬಲು ಕಷ್ಟ ಕಣೇ," ಎಂದು ಅತ್ತೆ ನನಗೆ ಒಮ್ಮೆ ಹೇಳಿದ್ದರು. "ಮುಖ ನೋಡಬಾರದು ಅಂತ ಬೆಳಿಗ್ಗೆಯಿಂದ ಹಟ ಹಿಡಿದಿರ್ತೀನಿ. ಈ ಹಾಳು ಕೌದಿ ಎಳ್ಕೊಂಡು ಬಂದು ಎದುರಿಗೇ ನಿಲ್ಲಿಸಿಬಿಡೋದು. ಇಬ್ಬರಿಗೂ ನಗು ತಡೆಯೋಕೆ ಆಗ್ತಿರಲಿಲ್ಲ."

ಮಾವ ಮಾತಿನಲ್ಲಿ ಬಹಳ ಜಿಪುಣ. ಒಗೆದ ಕೌದಿಗಳನ್ನು ಕೈಗಾಡಿಯಲ್ಲಿ ಒಟ್ಟಿಕೊಂಡು ಮನೆ ಮನೆಗೆ ಮುಟ್ಟಿಸಿ ಬರುವುದು ಅವರ ಕೆಲಸ. ಅಲ್ಲೂ ಹೀಗೇ ಮೂಗನಂತೆ ಇರುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. "ಮುತ್ತು ಉದುರಿಹೋಗತ್ತೆ ಅಂತ ಬಾಯಿ ಮುಚ್ಕೊಂಡಿರ್ತಾರೆ," ಎನ್ನುವುದು ಅತ್ತೆಯ ದೂರು. ಊಟ ಚೆನ್ನಾಗಿದೆ ಎಂದವರಲ್ಲ, ಕೆಲಸ ಚೆನ್ನಾಗಿದೆ ಎಂದವರಲ್ಲ. ತಟ್ಟೆ ಖಾಲಿಯಾದರೆ ರುಚಿಯಾಗಿದೆ ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು.

ಒಂದು ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಮಾವ ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ. ಅವರು ಹೋದ ಮೇಲೆ ನನ್ನ ಗಂಡ ಕೆಲವು ದಿನ ಇನ್ನೊಂದು ತುದಿ ಹಿಡಿದು ನೋಡಿದರು. "ಇವನು ಹಿಂಡಲ್ಲ, ಎಳೀತಾನೆ," ಎಂದು ಅತ್ತೆ ಮುಖ ಸಿಂಡರಿಸಿದರು. ನಾನೂ ಹಿಡಿದೆ. ನನ್ನ ತೋಳಿಗೆ ಆ ಬಲವಿರಲಿಲ್ಲ. ಕೊನೆಗೊಂದು ದಿನ ಬಂದ ಕೌದಿಯನ್ನು ಅತ್ತೆ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. ನನ್ನ ಗಂಡ ಪೇಟೆಬೀದಿಯಲ್ಲಿ ಎರಡು ಯಂತ್ರ ಇಟ್ಟು ಲಾಂಡ್ರಿ ತೆರೆದರು. ಕೌದಿಗಳ ಕಾಲವೂ ಮುಗಿಯುತ್ತಾ ಬಂದಿತ್ತು. ಜನ ಉಣ್ಣೆ ಕಂಬಳಿ, ಹತ್ತಿಯ ರಜಾಯಿ ಎಂದು ಅಂಗಡಿಯಿಂದ ತರತೊಡಗಿದ್ದರು. ಹಿತ್ತಲ ತೊಟ್ಟಿಯಲ್ಲಿ ನಾನು ಪುದೀನ ಹಾಕಿದೆ. ಅತ್ತೆ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮಾವನ ವಿಷಯವನ್ನು ಮಾತ್ರ ಪೂರ್ತಿ ಬಿಟ್ಟುಬಿಟ್ಟರು. ನಾವು ಎತ್ತಿದರೂ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಹೀಗೇ ವರ್ಷಗಳು ಕಳೆದವು.

ಹಳೆಯ ಕೌದಿಗಳ ಪ್ರದರ್ಶನ ಎಂಬ ಬೋರ್ಡನ್ನು ಮೊದಲು ನೋಡಿದವಳು ನಾನು. ಬಸ್ ನಿಲ್ದಾಣದ ಹಿಂದಿನ ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಬಳಿದು, ಊರ ಹೆಂಗಸರ ಒಂದು ಸಂಘ ಅದನ್ನು ಏರ್ಪಡಿಸಿತ್ತು. ಅತ್ತೆಗೆ ಹೇಳಿದೆ.

"ಕೌದಿ ನೋಡೋಕೆ ಟಿಕೆಟ್ಟಾ?" ಎಂದರು ಅತ್ತೆ. "ಹೊದ್ದುಕೊಂಡು ಒಂದು ನಿದ್ದೆ ಮಾಡೋಕಾದ್ರೂ ಬಿಡ್ತಾರಾ?"

"ಮುಟ್ಟೋಕೂ ಬಿಡಲ್ಲವಂತೆ."

"ಮತ್ತೆ ಯಾಕೆ ಹೋಗೋದು?"

ಆದರೂ ಮಧ್ಯಾಹ್ನದ ಊಟವಾದ ಮೇಲೆ ನೋಡಿದರೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಗೋದಾಮಿನ ಒಳಗೆ ತಂಪಾಗಿತ್ತು. ಮೇಲಿನ ಕಿಟಕಿಗಳಿಂದ ಬೆಳಕು ಓರೆಯಾಗಿ ಬೀಳುತ್ತಿತ್ತು. ಸೂರಿನ ತೊಲೆಗಳಿಗೆ ಕೊಳವೆ ಕಟ್ಟಿ ಕೌದಿಗಳನ್ನು ಗೋಡೆಗಳ ಹಾಗೆ ಸಾಲಾಗಿ ಇಳಿಬಿಟ್ಟಿದ್ದರು. ಒಂದು ಪೂರಾ ಗಂಡಸರ ಗೀಟಿನ ಶರಟುಗಳದ್ದು. ಕಾಲರಿನ ಮಡಿಕೆ ಇನ್ನೂ ಹಾಗೇ ಕಾಣುತ್ತಿತ್ತು. ಇನ್ನೊಂದು ತೊಟ್ಟಿಲಿನ ಅಳತೆಯದು. ಯಾರದೋ ನೀಲಿ ಫ್ರಾಕಿನ ಜೇಬನ್ನು ಬಿಚ್ಚದೆ ಜೇಬಾಗಿಯೇ ಅದರಲ್ಲಿ ಸೇರಿಸಿ ಹೊಲಿದಿದ್ದರು. ಮಗು ಕೈ ತೂರಿಸಿಕೊಂಡು ಮಲಗಲಿ ಎಂದೋ ಏನೋ. ಮತ್ತೊಂದರಲ್ಲಿ ಹೊಲಿಗೆ ನಡುವಿನಿಂದ ಶುರುವಾಗಿ, ನೀರಿಗೆ ಕಲ್ಲು ಬಿದ್ದಾಗ ಏಳುವ ಬಳೆಗಳಂತೆ, ಅಂಚಿನವರೆಗೂ ಸುತ್ತಿಕೊಂಡು ಬಂದಿತ್ತು.

ಅತ್ತೆ ಮೊದಲ ಸಾಲಿನಲ್ಲೇ ನಿಂತುಬಿಟ್ಟರು. "ಇಷ್ಟು ಚೆಂದ ಇರತ್ತಾ ಇದು?" ಎಂದರು.

ನನಗೆ ಅರ್ಥವಾಗಲಿಲ್ಲ. "ನಿಮಗೆ ಗೊತ್ತಿಲ್ಲದ್ದಾ ಅತ್ತೆ?"

"ನಾನೆಲ್ಲಿ ನೋಡಿದ್ದೀನಿ? ಬರೋವಾಗ ಗಂಟು ಕಟ್ಕೊಂಡು ಬರೋದು, ಕೊಳೆ ಹಿಡಿದಿರೋದು. ನೀರಲ್ಲಿದ್ದಾಗ ಎಲ್ಲಾ ಒಂದೇ ಬಣ್ಣ. ಬಿಸಿಲಿಗೆ ಹಾಕೋವಾಗ ಮಗುಚಿ ಹಾಕ್ತಿದ್ವಿ, ಬಣ್ಣ ಹೋಗತ್ತೆ ಅಂತ. ಮಡಿಸೋದೂ ಹಾಗೇ. ಹಿಂದಿನ ಕಡೆ ಬಿಟ್ಟರೆ ನನಗೇನು ಗೊತ್ತು?"

ಹಾಗೆಂದವರು ಒಂದೊಂದೇ ಕೌದಿಯ ಮುಂದೆ ನಿಂತು ನೋಡಿದರು, ಆಮೇಲೆ ಜನ ಮುಟ್ಟದ ಹಾಗೆ ಕಟ್ಟಿದ್ದ ಹಗ್ಗದ ಪಕ್ಕದಿಂದ ಸುತ್ತಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಮ್ಮ ಬೆರಳುಗಳ ಮೇಲೆ ತಮಗೇ ನಂಬಿಕೆ ಇಲ್ಲದವರಂತೆ. ಸಂಘದ ಹುಡುಗಿಯೊಬ್ಬಳು ಬಂದು, "ಅಜ್ಜಿ, ನೋಡೋದು ಆ ಕಡೆಯಿಂದ," ಎಂದಳು.

"ಇರಲಿ ಮಗಾ, ನನಗೆ ಈ ಕಡೆಯೇ ಪರಿಚಯ."

ಮೂರನೆಯ ಸಾಲಿನಲ್ಲಿ, ಹೀಗೇ ಹಿಂದೆ ಹೋದವರು ಬರಲೇ ಇಲ್ಲ. ನಾನು ಇಣುಕಿದೆ. ಅತ್ತೆ ಒಂದು ಕೌದಿಯ ಕೆಳಮೂಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಅಸ್ತರಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು, ಅದರ ಸುತ್ತ ಯಾರೋ ಹಳದಿ ದಾರದಲ್ಲಿ ದೋಣಿಯ ಆಕಾರಕ್ಕೆ ಹೊಲಿದಿದ್ದರು.

"ಇದು ಪೋಸ್ಟ್‌ಮಾಸ್ತರರ ಮನೆಯದು," ಎಂದರು ಅತ್ತೆ. "ವರ್ಷಕ್ಕೆರಡು ಸಲ ಬರ್ತಿತ್ತು. ದೋಣಿ ಕೌದಿ ಅಂತಲೇ ಕರೀತಿದ್ವಿ."

ಕೌದಿಯ ಮುಂಬದಿಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಮಾತು ಕೇಳಿಸಿತೇನೋ, ಎದ್ದು ಸುತ್ತಿ ಬಂದರು. ಬೆಳ್ಳಗಿನ ಗಿಡ್ಡ ಕೂದಲು, ದಪ್ಪ ಕನ್ನಡಕ. ತಾವು ಪೋಸ್ಟ್‌ಮಾಸ್ತರರ ಮಗಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಆ ಕೌದಿ ಹೊಲಿದವರು ತಮ್ಮ ಅಜ್ಜಿ ಎಂದು ಹೇಳಿಕೊಂಡರು.

"ದೋಣಿ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು.

"ಒಗೀತಿದ್ದವಳು ನಾನೇ ತಾಯಿ."

ನರ್ಸಮ್ಮ ಅತ್ತೆಯ ಮುಖವನ್ನೇ ನೋಡಿದರು. "ಕೈಗಾಡಿಯವರ ಹೆಂಡತಿನಾ ನೀವು?"

ಅತ್ತೆ ತಲೆಯಾಡಿಸಿದರು.

"ನಿಮ್ಮನ್ನ ನೋಡಬೇಕು ಅಂತ ಚಿಕ್ಕವಳಿದ್ದಾಗ ನನಗೆ ಎಷ್ಟು ಆಸೆ ಇತ್ತು ಗೊತ್ತಾ? ನಿಮ್ಮ ಯಜಮಾನರು ಬಂದಾಗಲೆಲ್ಲಾ ನಿಮ್ಮದೇ ಮಾತು."

"ನನ್ನ ಮಾತಾ?" ಎಂದರು ಅತ್ತೆ. "ತಾಯಿ, ನೀವು ಬೇರೆ ಯಾರನ್ನೋ ಅಂದ್ಕೊಂಡಿರಬೇಕು. ನಮ್ಮವರು ಮಾತಾಡ್ತಿರಲಿಲ್ಲ."

"ಎಡಗಿವಿಯ ತುದಿ ಹರಿದಿತ್ತಲ್ಲ, ಅವರೇ ತಾನೇ?"

ಅದು ಮಾವನೇ.

"ನಮ್ಮಜ್ಜಿ ಕೌದಿ ಬಿಡಿಸಿ, ಹಾಲಿನ ಹಾಗೆ ಮಾಡಿದ್ದೀಯಲ್ಲಪ್ಪಾ ಅನ್ನೋರು. ಅದಕ್ಕೆ ಅವರು, 'ನಾನಲ್ಲ ಅಮ್ಮಾ, ನಮ್ಮ ಮನೆಯವಳು. ಅವಳ ಕಾಲಿಗೆ ಬಟ್ಟೆಯ ಭಾಷೆ ಬರತ್ತೆ. ನಾನು ಬರೀ ನೀರು ಇಳಿಸೋನು' ಅನ್ನೋರು. ಮೆಟ್ಟಿಲ ಮೇಲೆ ಕೂತು, ನೀವು ಯಾವ ಕೌದೀನ ಹೇಗೆ ಉಳಿಸಿದ್ರಿ ಅಂತ ಕತೆ ಹೇಳೋರು. ಚಹಾ ಆರಿಹೋದರೂ ಗೊತ್ತಾಗ್ತಿರಲಿಲ್ಲ ಅವರಿಗೆ. ನಮ್ಮನೆ ಒಂದೇ ಅಲ್ಲ, ಪಕ್ಕದ ಮನೆಯವರಿಗೂ ಇದೇ ಕತೆ."

ಅತ್ತೆ ಸುತ್ತಿ ಮುಂದಕ್ಕೆ ಬಂದು, ನರ್ಸಮ್ಮನ ಕುರ್ಚಿಯಲ್ಲಿ ಕೂತು, ಕೌದಿಯನ್ನು ಪೂರ್ತಿ ನೋಡಿದರು. ಕೆಂಪು, ಕಂದು, ಎಲೆಹಸಿರು ಚೌಕಗಳು. ನಡುವೆ ಅಂಚೆ ಚೀಲದ ಒರಟು ಖಾಕಿಯಲ್ಲಿ ಕತ್ತರಿಸಿದ ಒಂದು ದೊಡ್ಡ ಹಕ್ಕಿ. ಇಷ್ಟು ವರ್ಷ ಆ ಹಕ್ಕಿಯನ್ನು ತುಳಿದಿದ್ದರೂ ಅತ್ತೆ ಅದನ್ನು ಸರಿಯಾಗಿ ಕಂಡದ್ದು ಅಂದೇ. ಕಣ್ಣು ತುಂಬಿ ಬಂದು ಕೆನ್ನೆಯ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ನಾನು ಹೆಗಲ ಮೇಲೆ ಕೈಯಿಟ್ಟೆ.

"ನೋಡೇ," ಎಂದರು, ಅರ್ಧ ಕೋಪದಲ್ಲಿ. "ಮನೇಲಿ ಒಂದು ದಿನ ಬಾಯಿ ಬಿಟ್ಟವರಲ್ಲ. ಊರೆಲ್ಲಾ ಸಾರ್ಕೊಂಡು ಬಂದಿದ್ದಾರೆ. ನನಗೆ ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ರೇನೋ," ಎಂದರು ನರ್ಸಮ್ಮ.

"ಗೊತ್ತಿರಲಿಲ್ಲ," ಎಂದರು ಅತ್ತೆ. ನರ್ಸಮ್ಮನ ಕಡೆ ತಿರುಗಿ, "ನೀವು ಚೆನ್ನಾಗಿ ಹೇಳ್ತೀರಿ. ಇನ್ನೊಂದು ಸಲ ಹೇಳಿ," ಎಂದರು.

ನರ್ಸಮ್ಮ ಇನ್ನೊಂದು ಕುರ್ಚಿ ತರಿಸಿ ಕೂತು ಮೊದಲಿನಿಂದ ಹೇಳಿದರು. ಗೋದಾಮಿನ ಬಾಗಿಲು ಹಾಕುವವರೆಗೂ ಇಬ್ಬರೂ ಅಲ್ಲೇ ಇದ್ದರು. ಪ್ರದರ್ಶನ ಮುಗಿಯುವ ತನಕ ಅತ್ತೆ ದಿನವೂ ಹೋದರು, ನಾನು ಜೊತೆಗೆ ಬರುತ್ತೇನೆ ಎಂದರೆ ಬೇಡವೆಂದರು. ಆಮೇಲೆ ನರ್ಸಮ್ಮನೇ ವಾರಕ್ಕೊಮ್ಮೆ ನಮ್ಮ ಮನೆಗೆ ಬರತೊಡಗಿದರು.

ಮನೆಯಲ್ಲಿ ಮಾವನ ಮಾತು ಮತ್ತೆ ಶುರುವಾಯಿತು. ಹೆಚ್ಚಾಗಿ ಊಟದ ಹೊತ್ತಿಗೆ, ಯಾರೂ ಕೇಳದಿದ್ದರೂ. ಮದುವೆಯ ಹೊಸದರಲ್ಲಿ ಅತ್ತೆಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಸೇತುವೆಯವರೆಗೆ ತಳ್ಳಿಕೊಂಡು ಹೋಗಿದ್ದದ್ದು, ಕಿವಿಯ ತುದಿ ಹರಿದದ್ದು ಜಗಳದಲ್ಲಲ್ಲ, ಮುಳ್ಳುತಂತಿಯಲ್ಲಿ ಎಂಬುದು. ಮೊನ್ನೆ ಅನ್ನ ಬಡಿಸುತ್ತಾ, "ನಿಮ್ಮಪ್ಪನಿಗೆ ಬೆಕ್ಕು ಕಂಡರೆ ಜೀವ ಹೋಗ್ತಿತ್ತು," ಎಂದರು. ತಲೆ ನರೆತ ನನ್ನ ಗಂಡ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು, "ಅಪ್ಪನಿಗಾ?" ಎಂದು ಕೇಳಿದರು. ಅತ್ತೆ ಸೌಟು ಕೆಳಗಿಟ್ಟು, ಸರಿಯಾಗಿ ಕೂತು, ಆ ಕತೆ ಶುರು ಮಾಡಿದರು.