ಕೌದಿಯ ನಾಲ್ಕನೇ ಮೂಲೆ

ನಮ್ಮ ಸೋದರತ್ತೆ ದ್ರಾಕ್ಷಾಯಣಮ್ಮನಿಗೆ ಸೋಮವಾರ ಹನ್ನೊಂದು ಗಂಟೆ ಆಯಿತೆಂದರೆ ಕೈಕಾಲು ನಿಲ್ಲುವುದಿಲ್ಲ. ಒಲೆ ಮೇಲೆ ಹಾಲಿಟ್ಟು ಗೇಟಿಗೆ ಹೋಗುತ್ತಾಳೆ, ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. "ಯಾರನ್ನ ನೋಡ್ತಿದ್ದಿ?" ಎಂದು ಕೇಳಿದರೆ "ಹೂವಿನಾಕಿ ಬಂದ್ಲೇನೋ ಅಂತ" ಎನ್ನುತ್ತಾಳೆ. ಹೂವಿನಾಕೆ ಬರುವುದು ಬೆಳಿಗ್ಗೆ ಏಳಕ್ಕೆ, ಅದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಆ ಬೀದಿಗೆಲ್ಲ ಗೊತ್ತು. ಸೋಮವಾರ ಹನ್ನೊಂದಕ್ಕೆ ಬರುತ್ತಿದ್ದವರು ಹರಿಹರದ ಶಹಜಾದಿ ಆಂಟಿ. ಅವರು ಬರುವುದು ಬಿಟ್ಟು ಒಂದೂವರೆ ವರ್ಷವಾಯಿತು. ಬಿಡುವಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಇದನ್ನು ಹೇಳುವಾಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅತ್ತೆ ಮದುವೆಯಾಗಿ ಹೋಗಿದ್ದು ಹರಿಹರಕ್ಕೆ. ಕೆಂಚವೀರಪ್ಪ ಮಾವ ಆಗ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಹಿಂದಿನ ಓಣಿಯಲ್ಲೇ ಗಾದಿ ಹೊಲಿಯುವ ಹಯಾತ್ ಸಾಬರ ಮನೆ, ಅವರ ಹೆಂಡತಿಯೇ ಶಹಜಾದಿ. ಅತ್ತೆಗೆ ಮಾತಾಡುವ ಚಟ, ಆಂಟಿಗೆ ಕೇಳುವ ಚಟ. ಜೋಡಿ ಕೂಡಿಬಿಟ್ಟಿತು. ಮಾವ ಅಂಗಡಿಯನ್ನು ದಾವಣಗೆರೆಗೆ ತಂದ ಮೇಲೂ ಆ ನಂಟು ಹರಿಯಲಿಲ್ಲ. ಪ್ರತಿ ಸೋಮವಾರ ಆಂಟಿ ಬಸ್ಸಿಳಿದು, ಬಟ್ಟೆ ಗಂಟು ಹೊತ್ತು ಬರುತ್ತಿದ್ದರು. ಇಬ್ಬರೂ ಕಿಟಕಿ ಕೆಳಗೆ ಕೂತು ಹಳೇ ಸೀರೆ ತುಂಡುಗಳಿಂದ ಕೌದಿ ಹೊಲಿಯುವುದು. ಆಂಟಿಯ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ. ಅತ್ತೆಯದನ್ನು ಕೇಳಲೇಬೇಡಿ. "ನೀವು ಬಣ್ಣ ಜೋಡಸ್ರಿ ಅಕ್ಕಾ, ಸೂಜಿ ಮುಟ್ಟಬ್ಯಾಡ್ರಿ" ಎಂದು ಆಂಟಿ ನಗುತ್ತಿದ್ದರು. ನಿಜಕ್ಕೂ ಬಣ್ಣದ ವಿಷಯದಲ್ಲಿ ಅತ್ತೆಯ ಕಣ್ಣೆಂದರೆ ಕಣ್ಣು.

ಆಂಟಿಯದು ಒಂದು ಪದ್ಧತಿ ಇತ್ತು, ಹಯಾತ್ ಸಾಬರ ತಾಯಿಯಿಂದ ಕಲಿತದ್ದು. ಕೌದಿಯ ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ತೆರೆದೇ ಬಿಡುವುದು. ಹೊದೆಯುವವರ ಮನೆಯಲ್ಲಿ, ಅವರ ಎದುರಿಗೇ, ಅದರೊಳಗೆ ಒಂದು ಚಿಟಿಕೆ ಅಕ್ಕಿ ಹಾಕಿ ಹೊಲಿದು ಮುಚ್ಚುವುದು. "ಹಸಿದ ಕೌದಿ ಕೊಡಬಾರದ್ರಿ, ಹೊದ್ದೋರಿಗೆ ನಿದ್ದೆ ಹತ್ತಲ್ಲ" ಎನ್ನುತ್ತಿದ್ದರು. ನಮ್ಮಜ್ಜಿ ತೀರಿಕೊಂಡಾಗ ಅವಳ ಸೀರೆಗಳನ್ನು ಅತ್ತೆ ಯಾರಿಗೂ ಕೊಡಲಿಲ್ಲ. ಎಲ್ಲವನ್ನೂ ಆಂಟಿಯ ಮಡಿಲಿಗೆ ಹಾಕಿ "ನಮ್ಮವ್ವನ್ನ ಹೊದ್ಕಂಡು ಮಲಗ್ಬೇಕು ನಾನು, ಒಂದು ಕೌದಿ ಮಾಡ್ಕೊಡು" ಎಂದಳು. ಎಂಟು ತಿಂಗಳು ಹಿಡಿಯಿತು. ನಾಲ್ಕನೇ ಮೂಲೆ ಮುಚ್ಚುವುದೊಂದೇ ಬಾಕಿ ಇತ್ತು, ಅದನ್ನು ಅಜ್ಜಿಯ ವರ್ಷದ ದಿನಕ್ಕೆಂದು ಅತ್ತೆಯೇ ಉಳಿಸಿಕೊಂಡಿದ್ದಳು.

ಅಷ್ಟರಲ್ಲಿ ನಾನು ವಕ್ಕರಿಸಿದೆ. ಎಸ್.ಎಸ್. ಬಡಾವಣೆಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಹೋಗಿ ಅತ್ತೆಗೆ ಚಿತ್ರ ಹಂಚುವ ಒಂದು ಆ್ಯಪ್ ಕಲಿಸಿದೆ. ಕೆಲಸ ಸುಲಭ. ಚೆಂದದ ಫೋಟೋ ಹಾಕಬೇಕು, ಅದರ ಕೆಳಗೆ ಆನ್‌ಲೈನ್ ಅಂಗಡಿಯ ಲಿಂಕ್ ಅಂಟಿಸಬೇಕು. ನೋಡಿದವರು ಅದನ್ನು ಒತ್ತಿ ಸಾಮಾನು ಕೊಂಡರೆ ನಮಗೊಂದು ಸಣ್ಣ ಕಮಿಷನ್. ಸಾಮಾನು ನಮ್ಮದಲ್ಲ, ಅಂಗಡಿ ನಮ್ಮದಲ್ಲ, ಚಿತ್ರ ಮಾತ್ರ ನಮ್ಮದು. ಅತ್ತೆ ಹಿತ್ತಾಳೆ ತಂಬಿಗೆ, ಸ್ಟೀಲ್ ಡಬ್ಬಿ, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಕಿಟಕಿ ಬೆಳಕಿಗೆ ತಂದಿಟ್ಟಳು. ಒಣಹಾಕಿದ ಮೆಣಸಿನಕಾಯಿ ಪಕ್ಕ ನೀಲಿ ಬಕೆಟ್ ಇಟ್ಟರೂ ನೋಡುತ್ತಲೇ ಇರೋಣ ಅನ್ನಿಸುತ್ತಿತ್ತು. ಜನ ಮೆಚ್ಚಿದರು. ಐವತ್ತೆಂಟನೇ ವಯಸ್ಸಿನಲ್ಲಿ ಯಾರೋ ತನಗೆ ಶಹಬ್ಬಾಸ್ ಅನ್ನುತ್ತಿದ್ದಾರೆಂದು ಅತ್ತೆ ಹಿಗ್ಗಿ ಹೀರೇಕಾಯಿ ಆದಳು.

ಒಂದು ಬೆಳಿಗ್ಗೆ ಅಜ್ಜಿಯ ಸೀರೆಯ ಕೌದಿಯನ್ನು ಮಂಚದ ಮೇಲೆ ಹರಡಿ ಫೋಟೋ ಹಾಕಿದಳು. ವಾರದೊಳಗೆ ಸಾವಿರಾರು ಮಂದಿ ಅದನ್ನು ತಮ್ಮ ತಮ್ಮ ಪುಟಗಳಿಗೆ ಎತ್ತಿಕೊಂಡರು. ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೇ ಕೇಳಿದ್ದು. ನಾನು ಅಂಗಡಿಯ ಪಟ್ಟಿಯನ್ನೆಲ್ಲ ಜಾಲಾಡಿ, ಕೌದಿಯಂತೆ ಕಾಣುವ ಒಂದು ಹೊದಿಕೆ ಹುಡುಕಿದೆ. ಮಿಷಿನ್ನಿನದು. ಹೊಲಿಗೆಯ ಗೆರೆ ಕೂಡ ಹೊಲಿದದ್ದಲ್ಲ, ಅಚ್ಚು ಹಾಕಿದ್ದು.

"ಇದು ಅದಲ್ಲವಲ್ಲೇ ತನು?" ಎಂದಳು ಅತ್ತೆ.

"ಜನ ಅಷ್ಟೆಲ್ಲ ನೋಡಲ್ಲ ಬಿಡತ್ತೆ. ಎಲ್ರೂ ಹಿಂಗೇ ಮಾಡಾದು."

ಅತ್ತೆ ಕೌದಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ "ಹಂಗಂತೀಯಾ? ಹಾಕು ಹಂಗಾರೆ" ಎಂದಳು. ಆ ಒಂದು ಗಳಿಗೆಯಲ್ಲಿ ನಾನು ಹಿಂದೆ ಸರಿದಿದ್ದರೆ ಆಗುತ್ತಿತ್ತು. ಎಲ್ಲಿ ಸರಿಯುತ್ತೀನಿ, ದೊಡ್ಡ ಮೇಧಾವಿಯಲ್ಲವೇ ನಾನು! ಲಿಂಕ್ ಅಂಟಿಸಿದೆ. ಆ ಹೊದಿಕೆ ಎಡೆಬಿಡದೆ ಖರ್ಚಾಯಿತು.

ಎರಡು ತಿಂಗಳಿಗೆ ಸುದ್ದಿ ಹರಿಹರ ಮುಟ್ಟಿತು. ಬಾಣಂತಿ ಮಗಳಿಗೆಂದು ಆಂಟಿಗೆ ಕೌದಿ ಹೇಳಿದ್ದ ಹಂಪವ್ವ ಎಂಬಾಕೆ ಬಂದು, "ಬ್ಯಾಡ ಬಿಡಮ್ಮಾ, ನಿನ್ನ ಕೌದಿನೇ ಫೋನಿನಾಗೆ ಅಗ್ಗಕ್ಕೆ ಸಿಕ್ತು" ಎಂದಳಂತೆ. ಪಾರ್ಸಲ್ಲಿನಲ್ಲಿ ಬಂದ ಹೊದಿಕೆಯನ್ನೂ, ಫೋನಿನ ಚಿತ್ರವನ್ನೂ ತೋರಿಸಿದಳಂತೆ. ಚಿತ್ರದಲ್ಲಿದ್ದದ್ದು ಆಂಟಿಯದೇ ಕೈಹೊಲಿಗೆ. ಹಿಂದಿನ ಕಿಟಕಿ ಅತ್ತೆಯದು.

ಆ ಸೋಮವಾರ ಆಂಟಿ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅತ್ತೆಯೂ ನಾಲ್ಕು ಮಾತು ಅಂದು, ಅತ್ತು, ಮುಗಿಸುತ್ತಿದ್ದಳು.

"ನನ್ನ ಕೌದಿ ತೋರ್ಸಿ ಬ್ಯಾರೇರ ಬಟ್ಟೆ ಮಾರಿದ್ರಲ್ಲ ಅಕ್ಕಾ. ಒಂದ್ ಮಾತು ನನ್ನ ಕೇಳ್ಬಾರ್ದಾಗಿತ್ತಾ?"

ಆಂಟಿ ತಮ್ಮ ಸೂಜಿ ಡಬ್ಬಿ ಎತ್ತಿಕೊಂಡು ಎದ್ದರು. ಕೌದಿಯನ್ನು ಮಂಚದ ಮೇಲೇ ಬಿಟ್ಟರು, ಮೂಲೆ ತೆರೆದದ್ದು ತೆರೆದ ಹಾಗೇ. ಅವರಿಗೆಂದು ಬಗ್ಗಿಸಿದ ಚಹಾ ಆರಿಹೋಯಿತು.

ಅತ್ತೆ ಅವತ್ತೇ ಚಿತ್ರ ಅಳಿಸಿದಳು. ಏನು ಬಂತು? ಅಳಿದದ್ದು ಅವಳ ಪುಟದಿಂದ ಮಾತ್ರ. ಎತ್ತಿಕೊಂಡವರ ಪುಟಗಳಲ್ಲಿ ಚಿತ್ರವೂ ಇದೆ, ಲಿಂಕೂ ಇದೆ. ಯಾರೋ ಎಲ್ಲೋ ಆ ಹೊದಿಕೆ ಕೊಂಡರೆ ಇಲ್ಲಿ ಅತ್ತೆಯ ಫೋನು ಟಿಂಗ್ ಎನ್ನುತ್ತಿತ್ತು. "ಅಯ್ಯೋ ಶಿವನೇ, ನಿಲ್ಸೇ ಇದನ್ನ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಕಮಿಷನ್ನಿನ ಖಾತೆಯನ್ನೇ ಮುಚ್ಚಿಸಿದೆವು. ಚಿತ್ರ ಮಾತ್ರ ಊರೂರು ಅಲೆಯುತ್ತಲೇ ಇತ್ತು. ಅತ್ತೆ ದಿನಾ ಬೆಳಿಗ್ಗೆ ತಿಂಡಿ ಮುಗಿಸಿ, ಅದನ್ನು ಹುಡುಕಿ ಹುಡುಕಿ, ಸಿಕ್ಕ ಕಡೆಯಲ್ಲೆಲ್ಲ ಬರೆಯುತ್ತಿದ್ದಳು: "ಈ ಕೌದಿ ಮಾರಾಟಕ್ಕಿಲ್ಲ. ಲಿಂಕಿನಲ್ಲಿ ಇರುವುದು ಇದಲ್ಲ. ತಪ್ಪು ನನ್ನದು." ಎಲ್ಲಾ ಕನ್ನಡದಲ್ಲೇ. ಓದುವವರು ಯಾವ ದೇಶದವರೋ ಏನೋ.

"ಆಂಟಿ ಹೆಸರು, ನಂಬರು ಹಾಕ್ಬಿಡತ್ತೆ, ನಾಕು ಆರ್ಡರ್ ಆದ್ರೂ ಅವ್ರಿಗೆ ಹೋಗ್ಲಿ" ಎಂದೆ.

"ಕೇಳ್ದೆ ಫೋಟೋ ಹಾಕಿದ್ದು ಸಾಲ್ದೇನೆ? ಈಗ ಕೇಳ್ದೆ ಹೆಸ್ರೂ ಹಾಕಾದಾ?" ಎಂದು ಉರಿದುಬಿದ್ದಳು.

ಕೇಳೋಣವೆಂದರೆ ಆಂಟಿ ಫೋನ್ ಎತ್ತುತ್ತಿರಲಿಲ್ಲ. ಹೋಗೋಣವೆಂದರೆ ಅತ್ತೆಗೆ ಮುಖವಿರಲಿಲ್ಲ. ಚಳಿ ಬಂತು, ಹೋಯಿತು. ಕೌದಿ ಮಡಿಸಿದ್ದು ಮಡಿಸಿದ ಹಾಗೇ ಮಂಚದ ತುದಿಯಲ್ಲಿತ್ತು. ಅತ್ತೆ ಅದರ ಮೇಲೆ ಕೈಯಿಟ್ಟುಕೊಂಡು, ಮೈಮೇಲೆ ಬರೀ ಚಾದರ ಹೊದ್ದು ಮಲಗುತ್ತಿದ್ದಳು. ಅವ್ವನೂ ಇಲ್ಲ, ಗೆಳತಿಯೂ ಇಲ್ಲ ಎಂಬ ಸಂಕಟ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ನೋಡಲಾರದೆ ನಾನೊಮ್ಮೆ ಸೂಜಿ ಹಿಡಿದು "ಮೂಲೆ ನಾನೇ ಮುಚ್ಚಿಕೊಡ್ಲಾ?" ಎಂದೆ. "ಮುಟ್ಟಿದ್ರೆ ಕೈ ಮುರೀತೀನಿ" ಎಂದಳು. ಆ ಮೂಲೆಗೆ ಒಂದು ಪಿನ್ನು ಚುಚ್ಚಿದ್ದಳು. ಯಾಕೋ ಅದು ಉಬ್ಬಿದಂತೆಯೂ ಇತ್ತು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೊನ್ನೆ ಸೋಮವಾರ ಒಬ್ಬಾಕೆ ಆ ಚಿತ್ರದ ಕೆಳಗೆ ಬರೆದಿದ್ದಳು: "ಇದನ್ನು ಹೊಲಿದವರು ಯಾರು?" ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು ಎಲ್ಲಿ ಸಿಗುತ್ತದೆ, ಎಷ್ಟು ಎಂದು. ಯಾರು ಎಂದು ಕೇಳಿದವಳು ಇವಳೊಬ್ಬಳೇ. ಅತ್ತೆ ಫೋನು ಹಿಡಿದು ಬಹಳ ಹೊತ್ತು ಕೂತಳಂತೆ. ಮಾರನೇ ಬೆಳಿಗ್ಗೆ ನಾನು ಹೋದಾಗ ಕೌದಿಯನ್ನು ಬ್ಯಾಗಿಗೆ ತುಂಬಿ ತಯಾರಾಗಿದ್ದಳು.

"ನಡಿ ಹರಿಹರಕ್ಕೆ. ಹೆಸ್ರು ಹೇಳ್ಲಾ ಬ್ಯಾಡ್ವಾ ಅಂತ ಕೇಳ್ಕಂಡು ಬರಾಣ. ಅಷ್ಟಕ್ಕಾದ್ರೂ ಬಾಗ್ಲು ತೆಗೀತಾಳೋ ಏನೋ."

ಬಾಗಿಲು ತೆಗೆದದ್ದು ಆಂಟಿಯ ಸೊಸೆ ಸಿಮ್ರಾನ್. ಒಳಗೆ ಚಾಪೆ ಮೇಲೆ ಕೂತಿದ್ದ ಆಂಟಿ ನಮ್ಮ ಮುಖ ನೋಡದೆ "ಕೂಡ್ರಿ" ಎಂದರು. ಅತ್ತೆ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತಳು. "ಯಾರು ಹೊಲ್ದಿದ್ದು ಅಂತ ಕೇಳ್ತಿದಾರೆ ಶಹಜಾದಿ, ನಿನ್ನ ಹೆಸ್ರು ಹೇಳ್ಲಾ?" ಎಂದವಳೇ ಗಳಗಳನೆ ಅತ್ತುಬಿಟ್ಟಳು.

ಅತ್ತೆ ಬ್ಯಾಗಿನಿಂದ ತೆಗೆದಿಟ್ಟಿದ್ದ ಕೌದಿಯ ಕಡೆ ಆಂಟಿಯ ಕೈ ತಾನಾಗಿ ಹೋಯಿತು. ಹೊಲಿಗೆ ಸವರುತ್ತಾ ಸವರುತ್ತಾ ನಾಲ್ಕನೇ ಮೂಲೆಗೆ ಬಂದು ನಿಂತಿತು.

"ಇದೇನಕ್ಕಾ, ಇಷ್ಟು ಭಾರ?"

ಪಿನ್ನು ತೆಗೆದು ಮೂಲೆಯನ್ನು ಪಕ್ಕದಲ್ಲಿದ್ದ ಮೊರದ ಮೇಲೆ ಬಗ್ಗಿಸಿದರು. ಸರ್ರನೆ ಅಕ್ಕಿ ಸುರಿಯಿತು. ಮೂರು ನಾಲ್ಕು ಹಿಡಿಯಾದರೂ ಇತ್ತು.

"ಒಂದ್ ಚಿಟಿಕೆ ಸಾಕಾಗಿತ್ತಲ್ರಿ."

"ಒಂದೇ ಚಿಟಿಕೆ ಹಾಕಿದ್ದು" ಎಂದಳು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ನೀನು ಬರದಿದ್ದ ಸೋಮವಾರಕ್ಕೊಂದು. ಕೌದಿ ಹಸಿದಿರಬಾರ್ದು ಅಂದಿದ್ಯಲ್ಲ."

ಆಂಟಿ ಮೊರವನ್ನು ತೊಡೆ ಮೇಲೆ ಎಳೆದುಕೊಂಡು ಅಕ್ಕಿ ಕೇರತೊಡಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬೈಯುತ್ತಿತ್ತು. "ಹುಳ ಬಿದ್ದೈತೆ ನೋಡ್ರಿ ಇಲ್ಲಿ. ಇಷ್ಟು ವಯಸ್ಸಾತು, ಬುದ್ಧಿ ಬ್ಯಾಡ್ವಾ? ನನ್ನ ಸಿಟ್ಟು ಹೋಗೈತೆ ಅನ್ಕಬ್ಯಾಡ್ರಿ ಅಕ್ಕಾ. ಹೋಗಿಲ್ಲ." ಹುಳ ಆರಿಸಿ ಮುಗಿಸಿ, ಮೊರವನ್ನು ಸೊಸೆಯ ಕೈಗಿತ್ತರು. "ಅನ್ನಕ್ಕಿಡು. ಬ್ಯಾಳೆ ಸಾರು ಮಾಡು. ಹೊಸ ಪಾತ್ರೆ ತಗಾ."

ಇಪ್ಪತ್ತೆಂಟು ವರ್ಷದ ಗೆಳೆತನದಲ್ಲಿ ಅತ್ತೆ ಆ ಮನೆಯ ಚಹಾ ಕುಡಿದಿದ್ದಳು, ಬಾಳೆಹಣ್ಣು ತಿಂದಿದ್ದಳು, ಅನ್ನ ಉಂಡಿರಲಿಲ್ಲ. ಆಂಟಿ ಬಡಿಸಲು ಹೋಗಿರಲಿಲ್ಲ, ಅತ್ತೆ ಕೇಳಿರಲಿಲ್ಲ. ಅವತ್ತು ಇಬ್ಬರೂ ಎದುರುಬದುರು ಕೂತು ಉಂಡರು. ನನಗೂ ನಾಲ್ಕು ತುತ್ತು ಸಿಕ್ಕಿತು.

ಊಟವಾದ ಮೇಲೆ ಅತ್ತೆ ಆಸೆಯಿಂದ ಕೌದಿಯನ್ನು ಮುಂದೆ ಸರಿಸಿದರೆ ಆಂಟಿ ತಲೆಯಾಡಿಸಿದರು. "ಹೊದಿಯೋ ಮನೇಲೇ ಮುಚ್ಚಬೇಕು. ಸೋಮವಾರ ಬರ್ತೀನಿ." ಬಾಗಿಲ ತನಕ ಬಂದು ಹೇಳಿದರು, "ಹೆಸ್ರು ಬರೀರಿ. ಶಹಜಾದಿ, ಹರಿಹರ. ನಂಬರ್ ಬ್ಯಾಡ."

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಒಂದೊಂದೇ ಅಕ್ಷರ ಒತ್ತಿ ಆ ಹೆಸರು ಬರೆದಳು. ಲಿಂಕ್ ಇಲ್ಲ, ಬರೀ ಹೆಸರು. ಆಮೇಲೆ ತೊಡೆಯ ಮೇಲಿದ್ದ ಕೌದಿಯ ಖಾಲಿ ಮೂಲೆಯೊಳಗೆ ಕೈಯಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು.

"ಇವತ್ತು ಯಾವ ವಾರನೇ?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಮಂಗಳವಾರ."

ಅತ್ತೆ ಬೆರಳು ಮಡಿಸಿ ಎಣಿಸಿದಳು. "ಇನ್ನೂ ಆರು ದಿನ ಐತಲ್ಲೇ ತನು" ಎಂದಳು.