ಇಬ್ಬನಿ ಬೀಳದ ನೆಲ

ವಯಸ್ಸಾಗಿರುವುದು ನನ್ನ ಮಂಡಿಗೆ, ನನಗಲ್ಲ ಎಂದು ಹೆಂಡತಿಗೆ ಹೇಳುತ್ತಿರುತ್ತೇನೆ. ಮೊನ್ನೆ ಚಳಿಗೆ ಅವಳು ಬಿಸಿನೀರಿನ ಚೀಲ ತಂದು ಮಂಡಿಯ ಕೆಳಗಿಟ್ಟಳು. ಹಾಯೆನಿಸಿತು. ಮರುಕ್ಷಣವೇ ಮೈ ಜುಮ್ಮೆಂದು ಕಾಲೆಳೆದುಕೊಂಡೆ. ಕೆಳಗಿನಿಂದ ಬರುವ ಕಾವು ಎಂದರೆ ನನಗೆ ಭಯ. ನಗಬೇಡಿ, ಕಾರಣ ಹೇಳುತ್ತೇನೆ.

ಎರಡು ಸಾವಿರದ ಹತ್ತರ ಆಸುಪಾಸು. ಬೆಂಗಳೂರು ಯಾವ ಕಾಲದಲ್ಲಿ ಎಲ್ಲೆಲ್ಲಿ ಎಷ್ಟು ಕಾಯುತ್ತದೆ ಎಂದು ಉಪಗ್ರಹದ ಚಿತ್ರಗಳಲ್ಲಿ ನೋಡಿ ಗುರುತು ಹಾಕುವುದು ನನ್ನ ಕೆಲಸ. ಬಿಸಿ ಜಾಗ ಕೆಂಪು, ತಂಪು ಜಾಗ ನೀಲಿ. ಬೇಸಿಗೆಯ ಹಗಲಲ್ಲಿ ಊರಿಗಿಂತ ಆನೇಕಲ್ ಕಡೆಯ ಬೋಳು ಹೊಲಗಳೇ ಹೆಚ್ಚು ಕೆಂಪಗಿರುತ್ತಿದ್ದವು. ಇದನ್ನೆಲ್ಲ ಮದುವೆ ಮನೆಗಳಲ್ಲಿ ವಿವರಿಸಿ ಪಕ್ಕದ ಎಲೆಯವರ ಊಟ ಕೆಡಿಸುತ್ತಿದ್ದೆ. ಚಳಿಗಾಲಕ್ಕೆ ಹೊಲಗಳು ತಣ್ಣಗಾಗುತ್ತಿದ್ದವು. ಹೂಡಿಯ ಹತ್ತಿರ ಒಂದು ಚೌಕ ಮಾತ್ರ ಡಿಸೆಂಬರಿನಲ್ಲೂ ಕೆಂಪಗಿತ್ತು. ಯಾವುದೋ ಕಾರ್ಖಾನೆ ಇರಬೇಕೆಂದುಕೊಂಡು ಒಂದು ಬೆಳಿಗ್ಗೆ ಹೊರಟೆ.

ಕಾರ್ಖಾನೆ ಇರಲಿಲ್ಲ. ಖಾಲಿ ಬಯಲು. ಸುತ್ತಲಿನ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. ನಡುವೆ ಒಂದಷ್ಟು ನೆಲ ಮಾತ್ರ ಒಣಗಿತ್ತು. ಅಲ್ಲಿ ಏಳೆಂಟು ಬೀದಿನಾಯಿಗಳು ಮಲಗಿದ್ದವು. ಅವುಗಳ ನಡುವೆ ಅಜ್ಜಿಯೊಬ್ಬರು ಕಾಲು ಚಾಚಿ ಕೂತಿದ್ದರು. ಹೆಸರು ಮುನಿಯಮ್ಮ, ಹುಟ್ಟಿದ್ದೂ ಬಾಳಿದ್ದೂ ಹೂಡಿಯಲ್ಲೇ.

“ಕುಂತ್ಕಳಪ್ಪಾ, ಮಂಡಿನೋವಿಗೆ ಒಳ್ಳೇದು,” ಎಂದರು. “ಇಲ್ಲಿ ಕಲ್ಲು ಒಡೀತಿದ್ರು, ದೊಡ್ಡ ಅಳ್ಳ ಇತ್ತು. ಊರ ಕಸ ಎಲ್ಲಾ ಸುರುದು ಮಣ್ಣು ಮುಚ್ಚಿದ್ರು. ಆವಾಗಿಂದ ಭೂಮ್ತಾಯಿ ಇಂಗೇ ಬೆಚ್ಚಗವ್ಳೆ.”

ಜೊತೆಗೆ ತಂದಿದ್ದ ಕಬ್ಬಿಣದ ಸರಳನ್ನು ಮೊಳದುದ್ದ ಮಣ್ಣಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ತುದಿ ಮುಟ್ಟಿದ ಅಂಗೈ ಚುರ್ರೆಂದಿತು. ತೂತಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕಿವಿಗೊಟ್ಟರೆ ಒಳಗೆ ಏನೋ ಚಿಟಚಿಟ ಎನ್ನುತ್ತಿತ್ತು. ಮಣ್ಣಿನಡಿಯ ಕಸಕ್ಕೆ ಬೆಂಕಿ ಬಿದ್ದು, ಯಾರಿಗೂ ಕಾಣದಂತೆ ಬೇಯುತ್ತಿತ್ತು.

“ಅಜ್ಜಿ, ಏಳಿ. ಕೆಳಗೆ ಬೆಂಕಿ ಇದೆ, ನೆಲ ಕುಸಿದ್ಬಿಡುತ್ತೆ.”

“ಮೂರ್ ವರ್ಸದಿಂದ ಕುಂತಿವ್ನಿ. ಡಾಕ್ಟ್ರು ಕೊಡ್ದಿದ್ ಸುಖ ಇದು. ಓಗಪ್ಪಾ, ನಿನ್ ಕೆಲ್ಸ ನೋಡ್ಕ.”

ಕಚೇರಿಯಲ್ಲಿ ಮೇಲಧಿಕಾರಿಗೆ ಹೇಳಿದೆ. “ಒಂದೇ ಇಮೇಜ್ ಸಾಕಾಗಲ್ಲ ಕಣ್ರೀ. ಇನ್ನೊಂದು ಬರ್ಲಿ, ಕನ್ಫರ್ಮ್ ಮಾಡ್ಕೊಂಡು ಪಾಲಿಕೆಗೆ ಲೆಟರ್ ಬರೆಯೋಣ,” ಎಂದರು. ಉಪಗ್ರಹ ಮತ್ತೆ ಅದೇ ಜಾಗದ ಮೇಲೆ ಹಾಯಲು ಹದಿನಾರು ದಿನ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಚಿತ್ರಕ್ಕೆ ಕಾದೆ. ಓದಿದವನ ಬುದ್ಧಿ ನೋಡಿ.

ಚಿತ್ರ ಬಂದ ಮರುದಿನ ಹೋದಾಗ, ಒಣ ನೆಲವಿದ್ದಲ್ಲಿ ಬಾವಿಯಂಥ ಕುಳಿ ಬಾಯ್ತೆರೆದಿತ್ತು. ಒಳಗಿನಿಂದ ತೆಳ್ಳಗೆ ಹೊಗೆ. ಅಂಚಿನಲ್ಲಿ ನಿಂತು ಅಜ್ಜಿಯ ಹೆಸರು ಕೂಗಿದೆ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಮುನಿಯಮ್ಮ.

“ಮೊನ್ನೆ ಬೆಳಿಗ್ಗೆ ಬಂದೆ. ನಾಯಿಗ್ಳು ಒಂದೂ ಒಳಕ್ ಬರ್ನಿಲ್ಲ. ಸುತ್ತ ನಿಂತ್ಕಂಡು ನನ್ನೇ ನೋಡ್ತಿದ್ವು. ನಾನೂ ನಿಂತೆ. ಸದ್ದೇ ಇಲ್ದಂಗೆ ನೆಲ ಒಳಕ್ ಓಯ್ತು ಕಣಪ್ಪಾ.” ಆಮೇಲೆ ನನ್ನ ಮುಖ ನೋಡಿದರು. “ನಿಂಗ್ ಗೊತ್ತಿತ್ತಲ್ಲಾ, ಯಾಕ್ ಬರ್ನಿಲ್ಲ?”

ಅಲ್ಲಿಂದ ನೇರ ಕಚೇರಿಗೆ ಹೋದೆ. ಪತ್ರ ಹೋಯಿತು, ಲಾರಿಗಳಲ್ಲಿ ಮಣ್ಣು ಬಂತು, ಕುಳಿ ಮುಚ್ಚಿತು. ಕೆಲವು ವರ್ಷಗಳ ಮೇಲೆ ಮುನಿಯಮ್ಮ ತಮ್ಮ ಮನೆಯಲ್ಲೇ, ಹಾಸಿಗೆಯ ಮೇಲೆ, ತೀರಿಕೊಂಡರು.

ಇಷ್ಟೆಲ್ಲ ನೆನಪಾಗಿ, ನಿನ್ನೆ ಬೆಳಿಗ್ಗೆ ಹೂಡಿಗೆ ಹೋದೆ. ಅಲ್ಲೀಗ ಅಪಾರ್ಟ್‌ಮೆಂಟು. ಗೇಟಿನಲ್ಲಿ ಹೆಸರು ಬರೆದು ಒಳಹೊಕ್ಕೆ. ಬಿಸಿಲಿನ್ನೂ ನೆಲಕ್ಕಿಳಿದಿರಲಿಲ್ಲ. ಮಕ್ಕಳಾಡುವ ಜಾಗದಲ್ಲಿ ಒಬ್ಬ ತಾಯಿ ಕೂಸನ್ನು ಬರಿ ನೆಲದಲ್ಲಿ ಬಿಟ್ಟುಕೊಂಡು ಕೂತಿದ್ದಳು.

“ಮಗೂಗೆ ಚಳಿ ಆಗಲ್ವೇನಮ್ಮಾ?”

“ಇಲ್ಲ ಅಂಕಲ್, ಇಲ್ಲಿ ಮಾತ್ರ ಬೆಚ್ಚಗಿರುತ್ತೆ.”

ಬಗ್ಗಿ ಅಂಗೈ ನೆಲಕ್ಕಿಟ್ಟೆ. ಕೂಸನ್ನು ಎತ್ತಿಕೊಳ್ಳಲು ಹೇಳಿದೆ. ಅವಳು ಎದ್ದು ದೂರ ಹೋಗುವವರೆಗೂ ಕದಲಲಿಲ್ಲ. ಆಮೇಲೆ ನೇರವಾಗಿ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಯ ಬೆಲ್ ಒತ್ತಿ, ನೆಲದಡಿಯ ಬೆಂಕಿಯ ವಿಷಯ ಹೇಳಿದೆ.

“ಸಂಜೆ ಬನ್ನಿ ಸಾರ್, ಕೂತು ಮಾತಾಡೋಣ,” ಎಂದರು ಅವರು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ.

“ಇಲ್ಲ,” ಎಂದೆ. “ಚಪ್ಪಲಿ ಹಾಕ್ಕೊಳ್ಳಿ. ಈಗ್ಲೇ ಹೋಗೋಣ.”